‘ಬ್ಯಾಡ’ ಎನ್ನುವ ಗುಂಡಿ

ನಾನು ಒಂದು ಗುಂಡಿ. ಅಂಗಿಯದಲ್ಲ, ಗಾಜಿನ ಪರದೆಯ ಮೇಲೆ ಕಾಣುವ ಕೆಂಪು ಗುಂಡಿ. ಹುಬ್ಬಳ್ಳಿಯ ಒಂದು ಚಿಕಿತ್ಸಾ ಕೇಂದ್ರದಲ್ಲಿ ವೈಜಯಂತಿ ಎಂಬ ಪ್ರೋಗ್ರಾಮರ್ ನನ್ನನ್ನು ಬರೆದಳು. ಮಾತು ಕಳೆದುಕೊಂಡವರಿಗಾಗಿ ಟ್ಯಾಬ್‌ನಲ್ಲಿ ಒಂದು ಹಲಗೆ ಮಾಡಿ, ಒಂದೊಂದು ಗುಂಡಿಗೂ ಒಂದೊಂದು ಮಾತನ್ನು ತನ್ನದೇ ದನಿಯಲ್ಲಿ ತುಂಬಿದಳು. ನನ್ನ ಪಾಲಿಗೆ ಬಂದದ್ದು ‘ಬ್ಯಾಡ’. ಬೆರಳು ಇಳಿದು ನನ್ನ ಮೇಲೆಯೇ ಎದ್ದರೆ ಮಾತಾಡಬೇಕು, ಜಾರಿ ಹೊರಗೆ ಹೋದರೆ ಸುಮ್ಮನಿರಬೇಕು. ಕಲಿತ ವಿದ್ಯೆ ಇಷ್ಟೇ.

ಮೊದಲು ನನ್ನನ್ನು ಮುಟ್ಟಿದವರು ಸಾವಂತ್ರವ್ವ. ಖಾನಾವಳಿ ನಡೆಸಿ ಬದುಕಿದ ಗಟ್ಟಿ ಹೆಂಗಸು. ಲಕ್ವ ಹೊಡೆದು ಬಲಗೈ, ಮಾತು ಎರಡೂ ಹೋಗಿದ್ದವು. ಎಡಗೈಗೆ ನಡುಕ.

“ಅಕ್ಕಾ, ಖಾನಾವಳಿ ಮುಚ್ಚಿಬಿಡೂಣು. ನಮ್ಮನಿಗೆ ನಡಿ,” ಎಂದ ತಮ್ಮ ಈರಣ್ಣ, ಒಳ್ಳೆಯ ಮನಸ್ಸಿನಿಂದಲೇ.

ಬೆರಳು ನನ್ನ ಮೇಲೆ ಇಳಿಯಿತು, ನಡುಗಿತು, ಅಂಚು ದಾಟಿತು. ಪುಟ ಸರಿಸುತ್ತಿದ್ದಾರೆಂದುಕೊಂಡ ಹಲಗೆ ನನ್ನನ್ನೂ ಹೊತ್ತು ಪಕ್ಕಕ್ಕೆ ಸರಿಯಿತು. ನಾನು ಸುಮ್ಮನಾದೆ. ಮತ್ತೆ ಒತ್ತಿದರು. ಮತ್ತೆ ಸುಮ್ಮನಾದೆ.

“ನೋಡ್ರಿ, ಅಕ್ಕ ಒಲ್ಲೆ ಅನ್ನಲಿಲ್ಲ. ಒಪ್ಪ್ಯಾಳ.”

ಸಾವಂತ್ರವ್ವನ ಕಣ್ಣು ತುಂಬಿತು. ಪಕ್ಕದಲ್ಲೇ ನಿಂತಿದ್ದ ವೈಜಯಂತಿ ಅದನ್ನು ಕಂಡಳು. “ಇಲ್ರಿ ಅಣ್ಣಾರ, ಅವರು ಹೇಳಾಕತ್ತಾರ. ನಾ ಮಾಡಿದ ಈ ಗುಂಡಿಗೆ ಅದು ತಿಳೀವಲ್ದು. ಸ್ವಲ್ಪ ತಡೀರಿ.”

ಅಲ್ಲೇ ನೆಲದ ಮೇಲೆ ಕೂತು ನನ್ನನ್ನು ತಿದ್ದಿದಳು. ಇಳಿದ ಬೆರಳು ಏಳುವ ತನಕ ಇನ್ನು ನನ್ನದೇ. ಹಲಗೆ ಅದನ್ನು ಕಸಿದುಕೊಳ್ಳುವಂತಿಲ್ಲ. ನಡುಗಿ ಅಂಚು ದಾಟಿದರೂ ಒತ್ತಿದ ಹಾಗೆಯೇ ಲೆಕ್ಕ.

ಬೆರಳು ಮತ್ತೆ ಇಳಿಯಿತು. ಅಲ್ಲಿಯವರೆಗೆ ಕಸವೆಂದು ಬಿಟ್ಟಿದ್ದ ಆ ನಡುಕವೆಲ್ಲ ನನ್ನೊಳಗೆ ಹರಿದು ಬಂತು. ಒಬ್ಬ ಹೆಂಗಸಿನಲ್ಲಿ ಉಳಿದಿದ್ದ ಪೂರ್ತಿ ಬಲ ಅದು! ಬೆರಳು ಎದ್ದಿತು.

“ಬ್ಯಾಡ!”

ಈರಣ್ಣ ಬೆಚ್ಚಿಬಿದ್ದ. ಆಮೇಲೆ ಅಕ್ಕನ ಕಾಲ ಬಳಿ ಕೂತ. “ತಪ್ಪಾತಕ್ಕಾ. ನೀ ಆರಾಮ ಆಗೂತನಕ ಖಾನಾವಳಿ ನಾ ನೋಡ್ಕೊಂತೀನಿ.”

ಮುಂದೆ ಎಷ್ಟೋ ಕೈಗಳನ್ನು ಕಂಡೆ. ಸಿಟ್ಟಿನಲ್ಲಿ ಮುಷ್ಟಿಯಿಂದ ಗುದ್ದಿದ ಮೇಷ್ಟ್ರು, ಕಿರುಬೆರಳಿಂದ ಮೆಲ್ಲಗೆ ತಾಕಿದ ಬಾಣಂತಿ. ಎಲ್ಲರಿಗೂ ಕಾದೆ. ಒಂದು ಮನಸ್ಸು ಬೆರಳ ತುದಿಗೆ ಬರಲು ಎಷ್ಟು ದೂರ ನಡೆಯಬೇಕು! ಆ ಬೆರಗು ನನಗೆ ಇನ್ನೂ ಇಳಿದಿಲ್ಲ.

ಈಗ ಟ್ಯಾಬ್‌ನ ಗಾಜು ಬಿರುಕು ಬಿಟ್ಟಿದೆ. ಕಿಟಕಿಯ ಕಟ್ಟೆಯ ಮೇಲೆ ಚಾರ್ಜಿಗೆ ಹಾಕಿ ಮರೆತಿದ್ದಾರೆ. ಹೋದ ವಾರ ಸಾವಂತ್ರವ್ವ ಕೋಲೂರಿಕೊಂಡು ಬಂದರು. ವೈಜಯಂತಿಯ ಕೈಗೆ ಬುತ್ತಿ ಕೊಟ್ಟು, ತೊದಲುತ್ತ, ತಮ್ಮದೇ ಬಾಯಿಂದ ಅಂದರು: “ಬಿಸಿ... ಐತಿ. ಉಣ್ಣ... ಮಗಳ.”

ಆ ಮಾತಿಗೆ ನಮ್ಮ ಹಲಗೆಯಲ್ಲಿ ಗುಂಡಿಯೇ ಇರಲಿಲ್ಲ.