ಕಾಗೆ ಮುಟ್ಟದ ಎಡೆ

“ನಿಮ್ಮತ್ತಿ ಸತ್ತ ಮ್ಯಾಲೂ ಸೊಕ್ಕು ಬಿಟ್ಟಿಲ್ಲ ನೋಡಲೇ! ಹೋಗಿ ಹೋಗಿ ನನ್ನ ಹೊಲದಾಗ ಮಲಗ್ಯಾಳ. ನಾಳಿ ಮುಂಜಾನಿ ಅನ್ನೂದ್ರಾಗ ಆ ಮುದಿ ರಂಡಿನ್ನ ಎಬ್ಬಿಸಿಕೊಂಡು ಹೋಗು!”

ಪಟ್ಟಣ ಪಂಚಾಯ್ತಿ ಕಟ್ಟಡದ ಮೆಟ್ಟಿಲ ಮೇಲೆ ನಿಂತು ಅಧ್ಯಕ್ಷ ಗೋವಿಂದರಾಜ ಕೂಗುತ್ತಿದ್ದ. ಕೆಳಗಿನ ಮೆಟ್ಟಿಲು ತಿಕ್ಕುತ್ತಿದ್ದ ಕಸಗುಡಿಸುವ ಫಕೀರಮ್ಮ ಕತ್ತೆತ್ತಲಿಲ್ಲ.

“ಎಬ್ಬಿಸಿದ್ರ ಏಳೂವಾಕಿ ಅಲ್ರಿ ಧಣಿ ಆಕಿ. ಜೀವ ಇದ್ದಾಗನ ಚಾ ಕೊಡೂತನಕ ಎದ್ದಾಕಿ ಅಲ್ಲ.”

“ಬಾಯಿ ಮಾಡಬ್ಯಾಡ! ಹಳ್ಳದ ದಂಡಿ ನಿಮ್ಮಪ್ಪಂದೇನ?”

“ಮತ್ತೆಲ್ಲಿ ಹುಗೀಬೇಕ್ರಿ?”

“ತಲಿ ಮ್ಯಾಲೆ ಹೊತ್ಕೊಂಡು ತಿರುಗು, ನನಗೇನ ಕೇಳ್ತಿ? ನಾಳಿ ಕೊಪ್ಪಳದಿಂದ ಸಾಹೇಬ್ರು ಬರ್ತಾರ. ಮೆಟ್ಟಲಾ ಫಳಫಳ ಅನ್ನಬೇಕು.”

ಮರುದಿನ ಆ ಕಟ್ಟಡದ ಇತಿಹಾಸ ಕೊರೆದ ಕಲ್ಲೊಂದನ್ನು ಬಾಗಿಲ ಪಕ್ಕ ಕೂರಿಸುವ ಸಮಾರಂಭವಿತ್ತು. ಗೋವಿಂದರಾಜನ ಅಜ್ಜ ಈ ಜಾಗವನ್ನು ಊರಿಗೆ ದಾನ ಮಾಡಿದನೆಂದು ಕಲ್ಲು ಹೇಳುತ್ತಿತ್ತು. ದಾನ ಮಾಡಿದ್ದೇನೋ ನಿಜ. ಜಾಗ ಮಾತ್ರ ಅವನದಾಗಿರಲಿಲ್ಲ.

ನಿಜಾಮರ ಕಾಲದಿಂದಲೂ ಅದು ಕೇರಿಯವರ ಸುಡುಗಾಡು. ದೆವ್ವದ ಭಯಕ್ಕೆ ಊರಿನ ಗಂಡಸರು ಹಗಲಿನಲ್ಲೂ ಅತ್ತ ಸುಳಿಯುತ್ತಿರಲಿಲ್ಲ. ಆಮೇಲೆ ತಾವರಗೇರಾ ರಸ್ತೆ ಅದರ ಮಗ್ಗುಲಿಗೇ ಬಂತು ನೋಡಿ, ದೆವ್ವಗಳ ಭಯವೆಲ್ಲ ಒಂದೇ ಏಟಿಗೆ ಹಾರಿಹೋಯಿತು. ಮೊದಲು ಮೂಲೆಯಲ್ಲೊಂದು ಚಾವಡಿ ಎದ್ದಿತು. ಅದರ ಬೆನ್ನಿಗೆ ದನ ಕೂಡುವ ಕೊಂಡವಾಡ, ಆಮೇಲೆ ಪಂಚಾಯ್ತಿ, ಕಂಪೌಂಡು, ಸಭಾಂಗಣ. ಕಟ್ಟಡ ಕಾಲು ಚಾಚಿದಂತೆಲ್ಲ ಸತ್ತವರು ಕಾಲು ಮಡಚಿಕೊಂಡರು. ಕಡೆಗೆ ಬೇವಿನಮರದ ಬುಡದಲ್ಲಿ ಹೂತಿದ್ದ ದುರ್ಗಪ್ಪನ ಮೇಲೆ ಅಧ್ಯಕ್ಷರ ಕೋಣೆ ಬಂದು ಕುಳಿತಿತು. ಕುರ್ಚಿ ಸರಿಯಾಗಿ ಅವನ ಎದೆಯ ಮೇಲೆಯೇ ಬಿತ್ತು.

ದುರ್ಗಪ್ಪನ ಹೆಂಡತಿ ಮುದಕಮ್ಮ, ಅಂದರೆ ಫಕೀರಮ್ಮನ ಅತ್ತೆ, ಆ ಕೋಣೆಯ ಕಸ ಹೊಡೆಯುತ್ತಲೇ ಮುದುಕಿಯಾದಳು. ನೆಲ ಒರೆಸುವಾಗ ನೆಲದ ಸಂಗಡ ಮಾತಾಡುತ್ತಿದ್ದಳು. ಅಮಾವಾಸ್ಯೆಗೊಮ್ಮೆ ಗಂಡನಿಗೆಂದು ಕುರ್ಚಿಯ ಕೆಳಗೆ ಬೀಡಿಯೊಂದನ್ನು ಇಡುತ್ತಿದ್ದಳು. ಅದನ್ನು ಕಂಡ ಗೋವಿಂದರಾಜ ಯಾರೋ ಮಾಟ ಮಾಡಿಸಿದ್ದಾರೆಂದು ನಡುಗಿ ಯಲಬುರ್ಗಾದಿಂದ ಸ್ವಾಮಿಯೊಬ್ಬನನ್ನು ಕರೆಸಿದ. ಸ್ವಾಮಿ ಹೋಮ ಮಾಡಿ, ದಕ್ಷಿಣೆ ತೆಗೆದುಕೊಂಡು, ಆ ಬೀಡಿಯನ್ನೂ ಕಿಸೆಗೆ ಹಾಕಿಕೊಂಡು ಹೋದ.

ಹೋದ ವಾರ ಹೊಸ ಟೈಲ್ಸ್ ಹಾಕಲು ಆ ನೆಲ ಅಗೆದವನು ಫಕೀರಮ್ಮನ ಗಂಡ ಮಾರೆಪ್ಪನೇ. ಹಾರೆಗೆ ಎಲುಬು ಸಿಕ್ಕವು. ಹಾರೆ ಕೆಳಗಿಟ್ಟು ನಿಂತವನಿಗೆ ಗೋವಿಂದರಾಜ, “ನಾಯಿ ಎಲುಬಲೇ ಅವು, ಮುಚ್ಚು ಸೂಳಿಮಗನ,” ಎಂದ. ಮಾರೆಪ್ಪ ಬಾಯಿಯಿಲ್ಲದ ಮನುಷ್ಯ, ಅಪ್ಪನನ್ನು ತಾನೇ ಮುಚ್ಚಿ ಮನೆಗೆ ಬಂದ.

ಕೇಳಿದ ಮುದಕಮ್ಮ ಹಾಸಿಗೆ ಹಿಡಿದಳು. ಪ್ರಾಣ ಬಿಡುವಾಗ ಸೊಸೆಯ ಕೈ ಗಟ್ಟಿಯಾಗಿ ಹಿಡಿದು, “ಆ ನಾಯಿ ಮಗ್ಗಲಾಗ ನನ್ನೂ ಹಾಕವ್ವ,” ಎಂದಳು. ಹಾಕುವುದು ಹೇಗೆ? ಹಳ್ಳದ ದಂಡೆಗೆ ಒಯ್ದು ಹೂಳಿದರು.

ಮೆಟ್ಟಿಲು ತಿಕ್ಕಿ ಫಕೀರಮ್ಮ ಹಳ್ಳಕ್ಕೆ ಓಡಿದಳು. ಅಂದು ಮುದುಕಿಯ ಮೂರನೇ ದಿನ. ಮಣ್ಣಿನ ಮೇಲೆ ಅನ್ನ, ಕೋಳಿ ಸಾರು, ತತ್ತಿ, ಅವಳ ನಶ್ಯದ ಡಬ್ಬಿ ಎಲ್ಲ ಇಟ್ಟು ಮನೆಮಂದಿ ಆಕಾಶ ನೋಡುತ್ತ ಕುಳಿತಿದ್ದರು. ಕಾಗೆ ಎಡೆ ಮುಟ್ಟದೆ ಯಾರೂ ಉಣ್ಣುವಂತಿಲ್ಲ. ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಆಸೆ ಉಳಿದಿದೆಯೆಂದೇ ಅರ್ಥ, ಇದ್ದವರು ಅದನ್ನು ನಡೆಸಿಕೊಡುತ್ತೇವೆಂದು ಮಾತು ಕೊಡಬೇಕು.

ಮೊದಲು ಮಾರೆಪ್ಪ ಕೈಮುಗಿದ. “ಯವ್ವಾ, ಇನ್ನ ಮ್ಯಾಲೆ ನಾ ಕುಡಿಯಂಗಿಲ್ಲ.”

ಹತ್ತಿರ ಬಂದಿದ್ದ ಒಂದೇ ಒಂದು ಕಾಗೆಯೂ ಹಾರಿಹೋಯಿತು.

“ಸುಳ್ಳು ಹೇಳಬ್ಯಾಡೋ ಬಾಡ್ಯಾ, ಇದ್ದ ಕಾಗೀನೂ ಓಡಿಸಿದಿ!” ಎಂದಳು ನೆರೆಮನೆಯ ಕಸ್ತೂರೆಮ್ಮ. ಆಮೇಲೆ ತಾನೇ ಅಂಜಿ, “ಯಕ್ಕಾ, ನಿನ್ನ ಹಿತ್ತಾಳಿ ಚರಗಿ ನನ್ನ ಮನ್ಯಾಗ ಐತಿ, ಇವತ್ತ ಕೊಡ್ತೀನಿ,” ಎಂದಳು. ಹುಡುಕಿ ಹುಡುಕಿ ಸೋತಿದ್ದ ಚರಿಗೆ ಎಲ್ಲಿದೆಯೆಂದು ಮನೆಯವರಿಗೆ ಆಗಲೇ ಗೊತ್ತಾದದ್ದು.

ಹಸಿವಿಗೆ ಫಕೀರಮ್ಮನ ಕಣ್ಣು ಕತ್ತಲೆಗಟ್ಟುತ್ತಿದ್ದವು. ಅದಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿಯುತ್ತಿತ್ತು. ಬದುಕಿದ್ದಾಗ ಮನೆಗೊಂದು ಗೇಣು ಜಾಗವಿಲ್ಲ, ಸತ್ತರೆ ಮಲಗಲಿಕ್ಕೂ ಇಲ್ಲವೆಂದರೆ ಇದೆಂಥ ಊರು! ಮುಂದೆ ಬಂದು ಮಣ್ಣಿನ ಮೇಲೆ ಅಂಗೈ ಬಡಿದಳು.

“ಅತ್ತಿ, ಮಾವನ ಮಗ್ಗಲಿಗೆ ನಿನ್ನ ಒಯ್ತೀನಿ. ನನ್ನಾಣಿ.”

ಕಾಗೆ ಬಂತು. ಎಡೆಯ ಪಕ್ಕದಲ್ಲೇ ಕುಳಿತು ಓರೆಗಣ್ಣಿನಿಂದ ನೋಡಿತು. ಮುಟ್ಟಲಿಲ್ಲ.

“ಯಾಕ ಮುಟ್ಟವಲ್ದು?” ಎಂದ ಮಾರೆಪ್ಪ.

“ಮಾಡಿ ತೋರಿಸು ಅಂತಾಳ. ಬರೇ ಮಾತಿಗೆ ನಂಬೂವಾಕೇನ ನಿಮ್ಮವ್ವ? ಏಳು. ಎಬ್ಬಿಸಿಕೊಂಡು ಹೋಗು ಅಂತ ಹೆಂಗೂ ಧಣಿನೇ ಅಂದಾನ.”

ಬೆಳಗಾಗುತ್ತಲೇ ಪಂಚಾಯ್ತಿಯ ಕಸದ ಗಾಡಿ ಹಳ್ಳದ ಕಡೆಯಿಂದ ಬಂತು. ಎಳೆಯುತ್ತಿದ್ದವಳು ಫಕೀರಮ್ಮ, ತಳ್ಳುತ್ತಿದ್ದವನು ಮಾರೆಪ್ಪ. ಹೋಟೆಲ್ ಮುಂದೆ ಚಹಾ ಕುಡಿಯುತ್ತಿದ್ದವರು ದಿನದಂತೆಯೇ ಮೂಗು ಮುಚ್ಚಿಕೊಂಡು ಮುಖ ಆಚೆ ತಿರುಗಿಸಿದರು. ಗಾಡಿಯಲ್ಲೇನಿದೆ ಎಂದು ಊರಿನವರು ಯಾವತ್ತು ನೋಡಿದ್ದಾರೆ, ಇವತ್ತು ನೋಡಲಿಕ್ಕೆ! ಬೀಗದ ಕೈ ಫಕೀರಮ್ಮನ ಸೊಂಟದಲ್ಲೇ ಇತ್ತು. ಅಧ್ಯಕ್ಷರ ಕೋಣೆಯಲ್ಲಿ ಕುರ್ಚಿ ಇಡುವಷ್ಟು ಜಾಗಕ್ಕೆ ಮಾತ್ರ ಟೈಲ್ಸ್ ಹಾಕುವುದು ಬಾಕಿಯಿತ್ತು. ಸಮಾರಂಭದ ಹೊತ್ತಿಗೆ ಅಲ್ಲಿಯೂ ಟೈಲ್ಸ್ ಕುಳಿತಿದ್ದವು, ಅವುಗಳ ಮೇಲೆ ಕುರ್ಚಿಯೂ ಕುಳಿತಿತ್ತು.

ಗೋವಿಂದರಾಜ ಕಲ್ಲಿನ ಮುಂದೆ ಭಾಷಣ ಮಾಡಿದ. “ಈ ಮಣ್ಣಿನ ಕಣಕಣದಲ್ಲೂ ನಮ್ಮ ಹಿರಿಯರಿದ್ದಾರೆ” ಎಂದಾಗ ಕಂಪೌಂಡಿನ ಹೊರಗೆ ನಿಂತಿದ್ದ ಕೇರಿಯವರು ಜೋರಾಗಿ ಚಪ್ಪಾಳೆ ತಟ್ಟಿದರು. ಅವನಿಗೆ ಆನಂದವಾಯಿತು. ಸಾಹೇಬರನ್ನು ಕೋಣೆಗೆ ಕರೆತಂದು, ಹಾರ ಹಾಕಿಸಿಕೊಂಡು ಕುರ್ಚಿಯಲ್ಲಿ ಕುಳಿತ. ಆಮೇಲೆ ಕಾಲ ಹತ್ತಿರ ನೋಡಿದ. ಅನ್ನ, ತತ್ತಿ, ನಶ್ಯದ ಡಬ್ಬಿ.

“ಏನಲೇ ಇದು?”

“ಎಡಿ ರೀ,” ಎಂದಳು ಕಸಬರಿಗೆ ಹಿಡಿದು ನಿಂತಿದ್ದ ಫಕೀರಮ್ಮ. “ಎಬ್ಬಿಸಿಕೊಂಡು ಹೋಗು ಅಂದ್ರಲ್ರಿ? ಎಬ್ಬಿಸೀನಿ. ಗಂಡನ ಮನಿಗೆ ಬಂದಾಳ.”

ಗೋವಿಂದರಾಜ ಹಾರಸಮೇತ ನೆಗೆದು ಬಾಗಿಲಿಗೆ ಹೋಗಿ ನಿಂತ. “ಅಗೀರಲೇ! ಈಗಿಂದೀಗ ಅಗದು ಹೊರಗ ಒಗೀರಿ!”

ಮಾರೆಪ್ಪ ಹಾರೆ ತೆಗೆದುಕೊಂಡು ಒಳಗೆ ಬಂದ. ಅವನ ಬಾಯಿಂದ ಅಷ್ಟು ಮಾತು ಬಂದದ್ದನ್ನು ಹೆಂಡತಿಯೂ ಅವತ್ತೇ ಕೇಳಿದ್ದು.

“ಅಗೀತೀನ್ರಿ ಧಣಿ. ಬರೇ ನಮ್ಮವ್ವ ಬರಂಗಿಲ್ಲ ಮತ್ತ. ನಮ್ಮಪ್ಪ ಅದಾನ, ನಮ್ಮಜ್ಜ ಅದಾನ, ಸಭಾಂಗಣದ ಕೆಳಗ ಅರ್ಧ ಕೇರಿ ಐತಿ. ನಾಯಿ ಎಲುಬೋ ಮನುಷಾರ ಎಲುಬೋ ಸಾಹೇಬ್ರ ನೋಡ್ಲಿ. ಆಮ್ಯಾಲೆ ಕಲ್ಲಿನ ಮ್ಯಾಲೆ ಬರಸ್ರಿ. ಅಗೀಲೇನು?”

ಸಾಹೇಬರು ನೆಲ ನೋಡಿದರು, ಕಾಲು ಎಲ್ಲಿಡಬೇಕೆಂದು ತಿಳಿಯದೆ ಹೊಸ್ತಿಲ ಮೇಲೆ ಹತ್ತಿದರು. ಗೋವಿಂದರಾಜನನ್ನು ನೋಡಿದರು.

“ಅಗಿಯೂದು ಬ್ಯಾಡ,” ಎಂದ ಗೋವಿಂದರಾಜ.

ಆಗ ಬೇವಿನಮರದಿಂದ ಕಾಗೆಯೊಂದು ಕಿಟಕಿಗೆ ಬಂತು. ಮೇಜಿನ ಮೇಲಿಳಿದು, ಹೂಗುಚ್ಛ ದಾಟಿ, ಕುರ್ಚಿಯ ಕೈ ಮೇಲೆ ಒಂದು ಗಳಿಗೆ ಕುಳಿತು, ಕೆಳಗೆ ಹಾರಿ ತತ್ತಿಗೆ ಬಾಯಿ ಹಾಕಿತು.

“ಮುಟ್ಟಿತು!” ಎಂದು ಫಕೀರಮ್ಮ ಕಿಟಕಿಯಿಂದ ಕೂಗಿದಳು. ಅಳು ನಗು ಎರಡೂ ಒಟ್ಟಿಗೇ ಬಂದವು. “ಬರ್ರಿ, ಉಣ್ಣೂನು!”

ಕೇರಿಯೆಲ್ಲ ಒಳಬಂದು ಅವಳು ತಿಕ್ಕಿದ ಫಳಫಳ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿ ಕುಳಿತಿತು. ಒಳಗೆ ಗೋವಿಂದರಾಜ ಹಾರ ಹಾಕಿಕೊಂಡು ನಿಂತೇ ಇದ್ದ. ಕೈಯಲ್ಲಿ ಅನ್ನದ ತುತ್ತು ಹಿಡಿದು ಫಕೀರಮ್ಮ ಬಾಗಿಲಲ್ಲಿ ಇಣುಕಿದಳು.

“ಕುಂಡ್ರಿ ಧಣಿ. ಆಕಿ ಏನೂ ಅನ್ನಂಗಿಲ್ಲ.”

ಗೋವಿಂದರಾಜ ಕೂಡಲಿಲ್ಲ.