ಇಸ್ತ್ರಿಯಮ್ಮನ ಭಾಗ

ಬಾಚಣಿಗೆ ಬಲಗಿವಿಯ ಹಿಂದೆ ಮತ್ತೆ ಸಿಕ್ಕಿಕೊಂಡಿತು. ಕ್ಷೌರಿಕ ಅದನ್ನು ಎಳೆಯಲಿಲ್ಲ. ಎಡಗೈಯಲ್ಲಿ ಕೂದಲಿನ ಬುಡ ಹಿಡಿದುಕೊಂಡು, ನೋವಾಗಬಾರದು ಎನ್ನುವ ಹಾಗೆ, ತುದಿಯಿಂದ ಒಂದೊಂದೇ ಗಂಟು ಬಿಡಿಸಿದ. ಮೂವತ್ತು ವರ್ಷ ಬೇರೆಯವರ ತಲೆ ಮುಟ್ಟಿ ಬದುಕಿದ ಕೈ ಅದು. ಸತ್ತವರಿಗೆ ನೋವಾಗುವುದಿಲ್ಲ ಎಂಬುದು ಕೈಗೆ ಇನ್ನೂ ತಿಳಿದಿರಲಿಲ್ಲ.

"ಹಣೆ ಮೇಲೆ ಬೀಳೋದನ್ನ ಸ್ವಲ್ಪ ಕತ್ತರಿಸಿ ಅಣ್ಣ," ಎಂದಳು ಬಾಗಿಲಲ್ಲಿ ನಿಂತಿದ್ದ ಮಗಳು. "ಹಣೆ ಮುಚ್ಚಿದ್ರೆ ಅಮ್ಮಂಗೆ ಆಗ್ತಿರಲಿಲ್ಲ."

ಮಗಳಿಗೆ ರೈಲು ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ. ನಿನ್ನೆ ಫೋನು ಬಂದ ಕೂಡಲೇ ಕೌಂಟರಿನಿಂದ ಎದ್ದು ಬಂದವಳು ಇನ್ನೂ ಅದೇ ನೀಲಿ ಕೋಟಿನಲ್ಲಿದ್ದಳು. ಕಣ್ಣು ಒಣಗಿತ್ತು. ಸಾಲಿನಲ್ಲಿ ನಿಂತ ನೂರು ಜನಕ್ಕೆ ಒಂದೇ ದನಿಯಲ್ಲಿ ಉತ್ತರ ಕೊಟ್ಟು ರೂಢಿಯಾದವಳು, ಸಾವಿನ ಮನೆಯಲ್ಲೂ ಹಾಗೇ ಮಾತಾಡುತ್ತಿದ್ದಳು.

"ಪಾದ್ರಿಗಳು ಹೇಳಿ ಕಳಿಸಿದಾರೆ. ಪ್ರಾರ್ಥನೆ ಆದ್ಮೇಲೆ ನೀವೂ ನಾಲ್ಕು ಮಾತಾಡ್ಬೇಕಂತೆ."

"ನಾನಾ? ನಾನು ಚರ್ಚಿನ ಮೆಟ್ಟಿಲು ಹತ್ತಿದೋನೇ ಅಲ್ಲ, ತಾಯಿ."

"ಅದಕ್ಕೇ. ಹುಟ್ಟಿದಾಗಿಂದ ಬೈಬಲ್ ಮುಟ್ಟದೇ ಇದ್ದೋರು ಒಂದೇ ವರ್ಷದಲ್ಲಿ ಇಡೀ ಪುಸ್ತಕ ಅಮ್ಮಂಗೆ ಓದಿ ಹೇಳಿದೀರಲ್ಲ. ಸಿಕ್ಕಿದೋರಿಗೆಲ್ಲ ಅಮ್ಮ ಹೇಳಿಕೊಂಡಿದಾಳೆ."

ಕತ್ತರಿ ಬಾಯಿ ತೆರೆದುಕೊಂಡು ಗಾಳಿಯಲ್ಲೇ ನಿಂತಿತು. ಕ್ಷೌರಿಕ ಮಗಳ ಮುಖ ನೋಡಿದ. ಆ ಮುಖದಲ್ಲಿ ಏನೂ ಇರಲಿಲ್ಲ. ಬಗ್ಗಿ ಹಣೆಯ ಮೇಲಿನ ನಾಲ್ಕು ಬಿಳಿ ಎಳೆ ಕತ್ತರಿಸಿ, ಕೆನ್ನೆಗೆ ಬಿದ್ದದ್ದನ್ನು ಬೆರಳ ತುದಿಯಲ್ಲಿ ತೆಗೆದ.

* * *

ದೊಡ್ಡ ಲಾಂಡ್ರಿಯಲ್ಲಿ ಮೂವತ್ತಾರು ವರ್ಷ ಇಸ್ತ್ರಿ ಪೆಟ್ಟಿಗೆ ಹಿಡಿದಿದ್ದರಿಂದ ಅವಳು ಎಲ್ಲರಿಗೂ ಇಸ್ತ್ರಿಯಮ್ಮ. ಕ್ಷೌರಿಕನ ಅಂಗಡಿಯ ಟವೆಲುಗಳೂ ಕೊರಳಿಗೆ ಕಟ್ಟುವ ಬಿಳಿ ಬಟ್ಟೆಗಳೂ ಒಗೆಯಲು ಹೋಗುತ್ತಿದ್ದದ್ದು ಆ ಲಾಂಡ್ರಿಗೇ. ಮೂಲೆಗೆ ಮೂಲೆ ಕೂಡಿಸಿ ಅವಳು ಮಡಿಸಿದ ಟವೆಲನ್ನು ಬಿಚ್ಚಲು ಮನಸ್ಸು ಬರುತ್ತಿರಲಿಲ್ಲ. ಅವನು ಅವಸರಕ್ಕೆ ಒಂದರಲ್ಲಿ ಬೂಟು ಒರೆಸಿದರೆ, ಮುಂದಿನ ವಾರ ಅದು ಬೇರೆಯಾಗಿ ಬರುತ್ತಿತ್ತು, ಜೊತೆಗೆ ಒಂದು ಚೀಟಿ: "ಇದು ಮುಖ ಒರೆಸೋ ಬಟ್ಟೆ."

ಸಕ್ಕರೆ ಕಾಯಿಲೆ ಕಣ್ಣು ತಿಂದು ಮುಗಿಸಿದ ಮೇಲೆ ಅವಳು ಮೂರನೇ ಮಹಡಿಯ ಎರಡು ಕೋಣೆಯ ಮನೆಯಿಂದ ಇಳಿಯುವುದು ನಿಂತಿತು. ಗುರುವಾರ ಅಂಗಡಿಗೆ ರಜೆ. ಅಂಥದ್ದೊಂದು ಗುರುವಾರ ಕ್ಷೌರಿಕ ಮನೆಗೇ ಹೋಗಿ ಕೂದಲು ಕತ್ತರಿಸಿ, ಕತ್ತರಿ ಒರೆಸಿ ಎದ್ದ.

"ಕೈ ತೊಳ್ಕೊಂಡು ಬಾ," ಎಂದಳು ಇಸ್ತ್ರಿಯಮ್ಮ. "ಕಪಾಟಿನಲ್ಲಿ ಕಪ್ಪು ಪುಸ್ತಕ ಇದೆ. ಮೊದಲನೇ ಪುಟದಿಂದ ಒಂದಿಷ್ಟು ಓದು."

"ನನಗೆ ಇದೆಲ್ಲ ಗೊತ್ತಿಲ್ಲಮ್ಮ."

"ಅಕ್ಷರ ಗೊತ್ತಲ್ಲ? ಸಾಕು."

ಅದರಲ್ಲಿ ಬರೀ ಬುದ್ಧಿವಾದ ಇರುತ್ತದೆಂದು ಅವನು ತಿಳಿದಿದ್ದ. ಅರ್ಧ ಗಂಟೆಯಲ್ಲಿ ಗಂಡ ಹೆಂಡತಿಯ ಮೇಲೆ ತಪ್ಪು ಹಾಕಿದ, ಹೆಂಡತಿ ಹಾವಿನ ಮೇಲೆ ಹಾಕಿದಳು, ಅಣ್ಣ ತಮ್ಮನನ್ನು ಹೊಲಕ್ಕೆ ಕರೆದುಕೊಂಡು ಹೋಗಿ ಕೊಂದ.

"ಇದೇನಮ್ಮ, ನಮ್ಮ ಅಂಗಡಿ ಬೆಂಚಿನ ಮೇಲೆ ಕೂತ ಹಾಗಿದೆಯಲ್ಲ!"

ಅವಳು ಕೆಮ್ಮು ಬರುವಷ್ಟು ನಕ್ಕಳು. "ಓದು, ಓದು. ಇನ್ನೂ ಬೇಕಾದಷ್ಟು ಜನ ಬರ್ತಾರೆ."

ಎರಡನೇ ಗುರುವಾರ ಪ್ರಳಯ ಬಂತು. ಅಷ್ಟು ನೀರು ದಾಟಿ ಬಂದ ಒಳ್ಳೆಯ ಮುದುಕ ಕೊನೆಗೆ ಕುಡಿದು ಬೆತ್ತಲೆ ಬಿದ್ದ ಭಾಗ ಬಂದಾಗ ಕ್ಷೌರಿಕ ಪುಸ್ತಕ ತಗ್ಗಿಸಿ ಕೇಳಿದ: "ಇದನ್ನ ಯಾಕಮ್ಮ ಬರೀಬೇಕಿತ್ತು? ಪುಣ್ಯಾತ್ಮನ ಮಾನ ಹೋಗಲ್ವಾ?"

"ಮುಚ್ಚಿಡಲಿಲ್ಲ ನೋಡು, ಅದಕ್ಕೇ ನನಗೆ ಈ ಪುಸ್ತಕದ ಮೇಲೆ ನಂಬಿಕೆ," ಎಂದಳು ಅವಳು.

ಆ ಮಾತು ಅವನ ತಲೆಯಲ್ಲಿ ವಾರವಿಡೀ ಸುತ್ತಿತ್ತು. ಗಡ್ಡ ಹೆರೆಯುವಾಗ ಕುರ್ಚಿಯಲ್ಲಿ ಕೂತವರನ್ನು ನೋಡಿ, ಇವನನ್ನು ಆ ಪುಸ್ತಕದಲ್ಲಿ ಬರೆದಿದ್ದರೆ ಏನು ಬರೆಯುತ್ತಿದ್ದರು ಎಂದು ಯೋಚಿಸುತ್ತಿದ್ದ. ಆದರೆ ಈ ಓದಿನ ವಿಷಯ ಯಾರಿಗೂ ಹೇಳಲಿಲ್ಲ. ಗುರುವಾರ ಮಧ್ಯಾಹ್ನ ಇಸ್ಪೀಟು ಆಡಲು ಸೇರುತ್ತಿದ್ದ ಮೂವರು ಗೆಳೆಯರಿಗೆ, "ಮುದುಕಿಗೆ ಕಟಿಂಗ್ ಮಾಡಿ ಬರ್ತೀನಿ," ಎಂದಷ್ಟೇ ಹೇಳಿದ್ದ.

"ಅದೆಷ್ಟು ಬೇಗ ಬೆಳೆಯುತ್ತೋ ಆಯಮ್ಮನ ಕೂದಲು," ಎಂದು ಅವರು ನಕ್ಕರು. ಅವನೂ ನಕ್ಕ.

ಆಮೇಲೆ ಹೆಸರುಗಳ ಪಟ್ಟಿ ಬಂತು. ಇಂಥವನಿಂದ ಇಂಥವನು ಹುಟ್ಟಿದ, ಅವನು ಇಷ್ಟು ವರ್ಷ ಬದುಕಿದ, ಸತ್ತ. ನಾಲಿಗೆ ಹೊರಳದ ಹೆಸರುಗಳು. ಗಡಿಯಾರ ನೋಡಿದ; ಗೆಳೆಯರು ಇಸ್ಪೀಟಿನ ಎಲೆ ಹಂಚಿರುತ್ತಾರೆ. ಮೊದಲ ಸಲ ಅವನು ಅರ್ಧ ಪುಟ ಹಾರಿದ. ಇಸ್ತ್ರಿಯಮ್ಮ ಮಡಿಲಲ್ಲಿ ಕೈ ಮಡಿಸಿ ಕೂತೇ ಇದ್ದಳು. ಏನೂ ಆಗಲಿಲ್ಲ. ಮುಂದಿನ ವಾರ ಒಂದು ಪುಟ, ಆಮೇಲೆ ಎರಡು. ಕಾಣದವರೆದುರು ಮೋಸ ಮಾಡುವುದು ಇಷ್ಟು ಸುಲಭವೇ ಎಂದು ಮೊದಮೊದಲು ಎದೆ ಹೊಡೆದುಕೊಂಡಿತು. ಬರಬರುತ್ತಾ ಅದೂ ನಿಂತಿತು.

ಹೀಗಿರುವಾಗ ಒಂದು ಗುರುವಾರ ಅವಳು ಒಗೆದ ಬಟ್ಟೆ ಉಟ್ಟು, ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡು ಕೂತಿದ್ದಳು.

"ಇವತ್ತು ಬರೋದು ನನ್ನ ಭಾಗ. ನಿಧಾನಕ್ಕೆ ಓದಪ್ಪ."

ಅದೇನೆಂದು ಅವನು ಕೇಳಲಿಲ್ಲ. ಹಿಂದಿನ ವಾರ ಇಸ್ಪೀಟಿನಲ್ಲಿ ಸೋತ ಸಿಟ್ಟು ಇನ್ನೂ ತಲೆಯಲ್ಲಿತ್ತು. ಯಾರದೋ ಮನೆಯಲ್ಲಿ ಮಗು ಹುಟ್ಟಿದ್ದು, ಊಟ ಹಾಕಿಸಿದ್ದು ಓದಿದ. ದಾಸಿ, ಜಗಳ ಎಂದೇನೋ ಕಣ್ಣಿಗೆ ಬಿತ್ತು. ಎರಡು ಎಲೆ ಒಟ್ಟಿಗೆ ಮಗುಚಿ, ಯಾವುದೋ ಬಾವಿಯ ವ್ಯಾಜ್ಯ ಓದಿ ಪುಸ್ತಕ ಮುಚ್ಚಿದ.

ಅವಳು ಪುಸ್ತಕದ ಕಡೆಗೆ ಕಿವಿ ವಾಲಿಸಿದಳು.

"ಅಷ್ಟೇನಾ?"

"ಅಷ್ಟೇ ಅಮ್ಮ. ಮುಗೀತು."

"ಸರಿ ಬಿಡು," ಎಂದು ಅವಳು ತಡಕಾಡುತ್ತಾ ಎದ್ದು ಅವನಿಗೆ ಚಹಾ ಬಗ್ಗಿಸಿ ಕೊಟ್ಟಳು. ಒಂದು ಹನಿಯೂ ಚೆಲ್ಲಲಿಲ್ಲ.

* * *

ಚರ್ಚಿನಲ್ಲಿ ಮೂವತ್ತು ಜನ ಇದ್ದಿರಬಹುದು. ಹೆಚ್ಚಿನವರು ಲಾಂಡ್ರಿಯವರು, ಕೈ ನೋಡಿದರೇ ತಿಳಿಯುತ್ತಿತ್ತು. ಕ್ಷೌರಿಕ ಹೆಂಡತಿಯ ಜೊತೆ ಕೊನೆಯ ಬೆಂಚಿನಲ್ಲಿ ಕೂತಿದ್ದ. ಮುಂದಿನ ಬೆಂಚಿನಿಂದ ಒಬ್ಬ ಮುದುಕಿ ಕಷ್ಟಪಟ್ಟು ತಿರುಗಿದಳು. ಲಾಂಡ್ರಿಯಲ್ಲಿ ಬಟ್ಟೆಗೆ ಗಂಜಿ ಹಾಕುತ್ತಿದ್ದವಳು. ಅವಳನ್ನು ಎಲ್ಲರೂ ಗಂಜಿಯಕ್ಕ ಎನ್ನುತ್ತಿದ್ದರು.

"ಓದಿ ಹೇಳ್ತಿದ್ದೋನು ನೀನೇ ಅಲ್ವಾ? ದೇವರು ನಿನ್ನ ಚೆನ್ನಾಗಿಟ್ಟಿರಲಿ. ನಮ್ಮ ಪಾದ್ರಿಗಳಿಗೇ ಇಡೀ ಪುಸ್ತಕ ಮುಗಿಸೋಕೆ ಮೂರು ವರ್ಷ ಹಿಡಿಯಿತಂತೆ."

"ಇವ್ರು ನನಗೂ ಹೇಳಿರಲಿಲ್ಲ ನೋಡಿ," ಎಂದಳು ಹೆಂಡತಿ ಹೆಮ್ಮೆಯಿಂದ. "ಕಟಿಂಗ್‌ಗೆ ಹೋಗ್ತಾರೆ ಅಂದ್ಕೊಂಡಿದ್ದೆ."

ಕ್ಷೌರಿಕ ಬೂಟಿನ ತುದಿ ನೋಡಿದ.

ಗಂಜಿಯಕ್ಕ ದನಿ ತಗ್ಗಿಸಿದಳು. "ಅವಳು ಲಾಂಡ್ರಿಗೆ ಬಂದಿದ್ದು ಹೇಗೆ ಗೊತ್ತಾ? ಕೆಲಸ ಕೇಳ್ಕೊಂಡಲ್ಲ. ಹಿಂದಿನ ಬಾಗಿಲಿನ ಮೆಟ್ಟಿಲ ಮೇಲೆ ಕೂತಿದ್ಲು, ಮಡಿಲಲ್ಲಿ ಈ ಮಗಳು, ಕೈಯಲ್ಲಿ ಖಾಲಿ ನೀರಿನ ಬಾಟ್ಲಿ. ದೊಡ್ಡವರ ಮನೇಲಿ ಕೆಲಸಕ್ಕಿದ್ದೋಳು. ಮಗು ಯಜಮಾನಂದೇ. ಅವನ ಹೆಂಡ್ತಿಗೆ ತನ್ನದೇ ಮಗು ಆಯ್ತು ನೋಡು, ಅವತ್ತೇ ಇವರಿಬ್ಬರನ್ನೂ ಹೊರಗೆ ಹಾಕಿದ್ರು. ನಲ್ಲಿ ಎಲ್ಲಿದೆ ಅಂತ ಕೇಳಿದ್ಲು ನನ್ನ. ಅಷ್ಟೇ ಕೇಳಿದ್ದು."

"ಅಯ್ಯೋ," ಎಂದಳು ಕ್ಷೌರಿಕನ ಹೆಂಡತಿ.

"ನಾನು ಊಟದ ಹೊತ್ತಲ್ಲಿ ಬೈಬಲ್ ಓದ್ತಿದ್ದೆ. ಒಂದಿನ ಆ ದಾಸಿ ಕತೆ ಬಂತು. ಮುದುಕ ಯಜಮಾನ ರೊಟ್ಟಿ, ನೀರು ಕೊಟ್ಟು ಮಗು ಸಮೇತ ಕಾಡಿಗೆ ಅಟ್ತಾನಲ್ಲ, ಅದು. ಇವಳು ತಟ್ಟೆ ಪಕ್ಕಕ್ಕಿಟ್ಟು, 'ಇದನ್ನ ಯಾರಕ್ಕ ಬರೆದಿದ್ದು? ಅವ್ರಿಗೆ ಹೇಗೆ ಗೊತ್ತಾಯ್ತು?' ಅಂದ್ಲು. ಅದನ್ನ ತಾನೇ ಓದ್ಬೇಕು ಅಂತ ಮೂವತ್ತನೇ ವಯಸ್ಸಲ್ಲಿ ಅಕ್ಷರ ಕಲಿತ್ಲು. ಕಣ್ಣು ಹೋದಾಗ ಅತ್ತಿದ್ದು ಬೇರೆ ಯಾವುದಕ್ಕೂ ಅಲ್ಲ, ಅದಕ್ಕೆ. ಹೋದ ವರ್ಷ ಫೋನ್ ಮಾಡಿ, 'ಅಕ್ಕಾ, ಈ ಗುರುವಾರ ನನ್ನ ಭಾಗ ಬರುತ್ತೆ' ಅಂತ ಮಗು ಥರ ಹೇಳಿದ್ಲು." ಅವಳು ಕ್ಷೌರಿಕನ ತೋಳು ಹಿಡಿದಳು. "ನೀನು ಓದಿದಾಗ ಅತ್ಲಾ?"

ಹೆಂಡತಿ ಅವನನ್ನೇ ನೋಡುತ್ತಿದ್ದಳು.

"ಅತ್ರು," ಎಂದ.

ಗಂಜಿಯಕ್ಕ ಸಮಾಧಾನದಿಂದ ತಲೆಯಾಡಿಸಿ ಮುಂದಕ್ಕೆ ತಿರುಗಿದಳು.

ಪಾದ್ರಿಗಳು ಕರೆದಾಗ ಅವನು ಎದ್ದು ಹೋದ. ಶವಪೆಟ್ಟಿಗೆ ತೆರೆದೇ ಇತ್ತು. ತಾನು ಬೆಳಿಗ್ಗೆ ತೆಗೆದ ಬೈತಲೆ ನೇರವಾಗಿತ್ತು. ಈಗ ಹೇಳಿಬಿಡಬೇಕು ಎಂದುಕೊಂಡ. ಬಾಯಿ ತೆರೆದಾಗ ಬಂದದ್ದು ಬೇರೆಯೇ. "ನಾನು ಚರ್ಚಿಗೆ ಹೊಸಬ. ಆ ಪುಸ್ತಕಕ್ಕೂ ಹೊಸಬ. ಅಮ್ಮ ನನಗೆ ತುಂಬಾ ಕಲಿಸಿದ್ರು. ಟವೆಲು ಹೇಗೆ ಮಡಿಸ್ಬೇಕು ಅನ್ನೋದರಿಂದ ಹಿಡಿದು..." ಜನ ನಕ್ಕರು. ಅಂಗಡಿಯಲ್ಲಿ ಗಿರಾಕಿಗಳನ್ನು ನಗಿಸುವ ನಾಲಿಗೆ ತಾನಾಗಿಯೇ ಓಡಿತು; ಬೂಟಿನ ಚೀಟಿಯ ಕತೆ ಹೇಳಿತು, ಕೊನೆಗೆ, "ಅಂಥವರಿಗೆ ಓದಿ ಹೇಳಿದ್ದು ನನ್ನ ಭಾಗ್ಯ," ಎಂದಿತು. ಎಲ್ಲರೂ ಕಣ್ಣೊರೆಸಿಕೊಂಡರು. ಮೊದಲ ಬೆಂಚಿನಲ್ಲಿ ಮಗಳು ಮಾತ್ರ ಕೈಕಟ್ಟಿ ಅವನನ್ನೇ ನೋಡುತ್ತಿದ್ದಳು. ನಗಲೂ ಇಲ್ಲ, ಅಳಲೂ ಇಲ್ಲ.

ಸಮಾಧಿಯ ಹತ್ತಿರ ಮೂವರು ಅವನ ಕೈ ಕುಲುಕಿದರು. ಪ್ರತಿ ಸಲವೂ ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಹೆಂಡತಿಯನ್ನು ಮನೆಗೆ ಕಳಿಸಿ, ಒಬ್ಬನೇ ಮೂರು ಮಹಡಿ ಹತ್ತಿದ.

* * *

ಮಗಳು ಅಮ್ಮನ ಹಾಸಿಗೆಯ ಹೊದಿಕೆ ಮಡಿಸುತ್ತಿದ್ದಳು. ಮೂಲೆಗೆ ಮೂಲೆ ಕೂಡುತ್ತಿರಲಿಲ್ಲ.

"ನಾನು ಪೂರ್ತಿ ಓದಿಲ್ಲ, ತಾಯಿ," ಎಂದ ಬಾಗಿಲಲ್ಲೇ ನಿಂತು. "ಓದಿದ್ದಕ್ಕಿಂತ ಬಿಟ್ಟಿದ್ದೇ ಹೆಚ್ಚು. ಇಸ್ಪೀಟಿಗೆ ಹೊತ್ತಾಗುತ್ತೆ ಅಂತ. ಆ ದಾಸಿ ಭಾಗನೂ ಬಿಟ್ಟೆ. ಗಂಜಿಯಕ್ಕಂಗೆ ಸುಳ್ಳು ಹೇಳ್ದೆ. ಅಲ್ಲಿ ಅಷ್ಟು ಜನರ ಮುಂದೆನೂ..."

"ಗೊತ್ತು."

ಅವನು ತಲೆಯೆತ್ತಿದ.

"ಅವಳಿಗೂ ಗೊತ್ತಿತ್ತು ಅಣ್ಣ. ಕಣ್ಣು ಹೋದ್ಮೇಲೆ ಕಿವಿ ಎಷ್ಟು ಚುರುಕಾಗಿತ್ತು ಅಂತೀರಾ! ಎರಡು ಎಲೆ ಒಟ್ಟಿಗೆ ಮಗುಚಿದ್ರೆ ಬೇರೆ ಸದ್ದು ಬರುತ್ತಂತೆ. 'ಇವತ್ತು ಒಂದು ರಾಜವಂಶನೇ ನುಂಗಿಬಿಟ್ಟ' ಅಂತ ನನ್ನ ಹತ್ರ ನಗೋಳು."

"ಮತ್ತೆ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಬರ್ತಿದ್ರಾ?"

ಅವನು ಬಾಗಿಲ ಚೌಕಟ್ಟಿಗೆ ಒರಗಿದ.

"ಆ ಒಂದು ಗುರುವಾರ ಮಾತ್ರ ನಗಲಿಲ್ಲ," ಎಂದಳು ಮಗಳು. "ಊಟನೂ ಮಾಡ್ಲಿಲ್ಲ. ಯಾಕೆ ಅಂತ ಕೇಳಿದ್ರೆ, ಹೊಟ್ಟೆ ಸರಿ ಇಲ್ಲ ಅಂದ್ಲು." ಹೊದಿಕೆಯನ್ನು ಕೆಳಗಿಟ್ಟಳು. "ಇವತ್ತು ನೀವು ಅಲ್ಲಿ ನಿಂತಾಗ ಹೇಳ್ತೀರೇನೋ ಅಂತ ಕಾದೆ. ಆಮೇಲೆ ಅಂದ್ಕೊಂಡೆ, ನಾನ್ಯಾರು ನಿಮ್ಮನ್ನ ಕೇಳೋಕೆ? ನಾನು ಓದೋಕೆ ಬರೋ ಮಗಳು. ಇದೇ ಮನೇಲಿ ಇದ್ದೆ. ಅವಳು ನನ್ನನ್ನ ಓದು ಅಂತ ಒಂದಿನಾನೂ ಕೇಳಲಿಲ್ಲ."

"ಯಾಕೆ?"

"ಆ ಭಾಗನ ನನ್ನ ಬಾಯಲ್ಲಿ ಕೇಳೋಕೆ ಅವಳಿಗೆ ನಾಚಿಕೆ. ಓದಲಾ ಅಂತ ಕೇಳೋಕೆ ನನಗೆ ನಾಚಿಕೆ. ಮೆಟ್ಟಿಲ ಮೇಲೆ ಕೂತಿದ್ದ ಮಗು ನಾನೇ ಅಂತ ಲಾಂಡ್ರಿಗೆಲ್ಲ ಗೊತ್ತು. ನಾವಿಬ್ಬರು ಮಾತ್ರ ಅದರ ಬಗ್ಗೆ ಒಂದು ದಿನಾನೂ ಮಾತಾಡಿಲ್ಲ. ಅದಕ್ಕೇ ಹೊರಗಿನೋರು ಬೇಕಾಗಿತ್ತು."

ಕೆಳಗೆ ಬೀದಿಯಲ್ಲಿ ಯಾರೋ ಅಂಗಡಿಯ ಬಾಗಿಲು ಎಳೆದ ಸದ್ದು ಕೇಳಿತು. ಕ್ಷೌರಿಕ ಒಳಗೆ ಹೋಗಿ ನಲ್ಲಿಯಲ್ಲಿ ಕೈ ತೊಳೆದುಕೊಂಡು ಬಂದ. ಕಪಾಟಿನಿಂದ ಪುಸ್ತಕ ತೆಗೆದ. ಹುಡುಕಬೇಕಾಗಲಿಲ್ಲ, ಪುಸ್ತಕ ಅಲ್ಲಿಗೇ ತೆರೆದುಕೊಂಡಿತು. ಆ ಎರಡು ಎಲೆಗಳ ಅಂಚು ಬೆರಳು ಆಡಿ ಆಡಿ ಬಟ್ಟೆಯ ಹಾಗೆ ಮೆತ್ತಗಾಗಿತ್ತು.

"ಓದಲಾ?"

ಮಗಳು ಹಾಸಿಗೆಯ ತುದಿಯಲ್ಲಿ ಕೂತಳು. "ಹೂಂ."

ಅವನು ಸಾಲಿನ ಕೆಳಗೆ ಬೆರಳಿಟ್ಟು, ಆಗ ತಾನೇ ಅಕ್ಷರ ಕಲಿತವನ ಹಾಗೆ ಓದತೊಡಗಿದ. ಯಜಮಾನ ಬೆಳಿಗ್ಗೆ ಎದ್ದ. ರೊಟ್ಟಿಯನ್ನೂ ನೀರಿನ ಚೀಲವನ್ನೂ ದಾಸಿಯ ಹೆಗಲಿಗೆ ಹೊರಿಸಿದ. ಅವಳು ಮಗುವಿನ ಜೊತೆ ದಾರಿ ತಪ್ಪಿ ಅಲೆದಳು. ನೀರು ಮುಗಿಯಿತು. ಮಗುವನ್ನು ಒಂದು ಪೊದೆಯ ನೆರಳಿಗೆ ಹಾಕಿ, ಅದು ಸಾಯುವುದನ್ನು ನೋಡಲಾರೆ ಎಂದು ಅವಳು ದೂರ ಹೋಗಿ ಕೂತು—

ಅವನ ಬೆರಳು ಆ ಸಾಲಿನ ಕೆಳಗೇ ನಿಂತಿತು.

"ನಿಲ್ಲಿಸ್ಬೇಡಿ," ಎಂದಳು ಮಗಳು.

ಅವಳು ಎದ್ದಿದ್ದಳು. ಕೋಣೆಯ ಆ ಕೊನೆಗೆ ಹೋಗಿ, ಅವನಿಗೂ ಪುಸ್ತಕಕ್ಕೂ ಬೆನ್ನು ಹಾಕಿ, ಮೂಲೆಯ ಗೋಡೆಗೆ ಮುಖ ಮಾಡಿ ನೆಲದ ಮೇಲೆ ಕೂತುಬಿಟ್ಟಳು. ಅವಳ ಭುಜಗಳು ಅಲುಗತೊಡಗಿದವು. ಅಷ್ಟು ದೂರಕ್ಕೆ ಕೇಳಿಸಬೇಕಲ್ಲ ಎಂದು ಕ್ಷೌರಿಕ ದನಿ ಏರಿಸಿದ.