ಏಳನೆಯ ಸ್ಥಾನ

“ಸಾರ್, ಮೊದ್ಲು ಕುಂತ್ಕಳ್ರಿ. ನಿಂತು ಕೇಳೋ ಮಾತಲ್ಲ ಇದು” ಎಂದ ಕಾಟಯ್ಯ.

ಮುರುಗೇಶಪ್ಪನವರಿಗೆ ಕೂರುವ ಪುರುಸೊತ್ತೆಲ್ಲಿತ್ತು? ಪಕ್ಕದ ಸಭಾಂಗಣದಲ್ಲಿ ಆಗಲೇ ಮೈಕು ಕಿರುಚುತ್ತಿತ್ತು. ಸೇವಂತಿಗೆ ಹಾರ ಬಂದಾಗಿತ್ತು. ಹೆಂಡತಿ ಜಯಕ್ಕ ರೇಷ್ಮೆ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ದುರ್ಗದ ಕಾಲೇಜೊಂದರಲ್ಲಿ ವರ್ಷಗಟ್ಟಲೆ ಭೂವಿಜ್ಞಾನ ಪಾಠ ಹೇಳಿ ಗಂಟಲು ಒಣಗಿಸಿಕೊಂಡ ಮನುಷ್ಯನಿಗೆ ಇಂಥ ಸಂಜೆ ಒದಗಿ ಬಂದರೆ ಕಾಲು ನೆಲದ ಮೇಲೆ ನಿಲ್ಲುವುದಾದರೂ ಹೇಗೆ!

ಆದದ್ದು ಇಷ್ಟು. ಬೆಂಗಳೂರಿನ ಸಂಸ್ಥೆಯೊಂದು ದೇಶದ ಭೂವಿಜ್ಞಾನಿಗಳ ಸ್ಥಾನಪಟ್ಟಿ ಮಾಡಿತ್ತು. ಒಬ್ಬರ ಲೇಖನವನ್ನು ಉಳಿದವರು ತಮ್ಮ ಬರಹಗಳಲ್ಲಿ ಎಷ್ಟು ಸಲ ಹೆಸರಿಸಿದ್ದಾರೆ ಎಂಬುದೇ ಅಳತೆ. ಎಪ್ಪತ್ತಾರನೆಯ ಇಸವಿಯಲ್ಲಿ ಅದು ಹೊಸ ಪದ್ಧತಿ. ಅದರಲ್ಲಿ ಮುರುಗೇಶಪ್ಪನವರಿಗೆ ಏಳನೆಯ ಸ್ಥಾನ! ಅವರು ಜನ್ಮದಲ್ಲಿ ಬರೆದದ್ದು ಒಂದೇ ಲೇಖನ. ಅದಕ್ಕೆ ಯಾರು ಏನೆಂದರೋ ಅವರಿಗೆ ತಿಳಿಯದು. ಅಂಥದ್ದು ಅಚ್ಚಾಗುವ ಪರದೇಶದ ಪತ್ರಿಕೆಗಳು ದುರ್ಗಕ್ಕೆ ಬರುತ್ತಲೇ ಇರಲಿಲ್ಲ. ವಿಭಾಗದ ಮುಖ್ಯಸ್ಥರ ಹುದ್ದೆ ಅವರಿಗೋ ಗೋವಿಂದಯ್ಯನವರಿಗೋ ಎಂಬ ಬಹುದಿನದ ಜಗ್ಗಾಟ ಇದರಿಂದ ಒಂದೇ ಏಟಿಗೆ ಮುಗಿದಿತ್ತು. ಇವತ್ತು ಸನ್ಮಾನ ಮಾಡಿ, ಅದನ್ನೂ ಸಾರಿಬಿಡೋಣವೆಂದು ಪ್ರಿನ್ಸಿಪಾಲರು ಕುಣಿಯುತ್ತಿದ್ದರು.

ಕಾಟಯ್ಯ ಅವರ ಹಳೆಯ ಶಿಷ್ಯ. ಹಿರೇಗುಂಟನೂರಿನ ಹತ್ತಿರದ ಹಟ್ಟಿಯ ಕುರಿ ಕಾಯುವವರ ಮನೆಯಿಂದ ಬಂದವನು, ಈಗ ಬೆಂಗಳೂರಿನಲ್ಲಿ ಸಂಶೋಧಕ. ಸನ್ಮಾನದ ಸುದ್ದಿ ಕೇಳಿ ಸಿಕ್ಕ ಬಸ್ಸು ಹತ್ತಿ ಓಡಿಬಂದಿದ್ದ.

“ಆ ಸಂಸ್ಥೆಯೋರು ನಿಮ್ಮ ಹೆಸ್ರು ಎಷ್ಟ್ ಸಲ ಬಂದೈತೆ ಅಂತ ಅಷ್ಟೇ ಎಣಿಸ್ಯಾರೆ ಸಾರ್. ಯಾಕ್ ಬಂದೈತೆ ಅಂತ ನೋಡಿಲ್ಲ.”

“ಯಾಕೆ ಬಂದೈತಪ್ಪ?”

“ಸಂಶೋಧನೆ ಹಿಂಗ್ ಮಾಡಬಾರ್ದು ಅನ್ನಾಕೆ.”

ಮುರುಗೇಶಪ್ಪನವರು ಕುರ್ಚಿ ಹಿಡಿದುಕೊಂಡು ಕುಳಿತರು. ಹಿರೇಗುಂಟನೂರಿನ ಆಚೆಯ ಗುಡ್ಡದ ನೆತ್ತಿಯಲ್ಲಿ ನೀರು ತೀಡಿದ ನುಣುಪಾದ ಗುಂಡುಕಲ್ಲುಗಳು ಹರಡಿ ಬಿದ್ದಿದ್ದವು. ಯಾವುದೋ ಕಾಲದಲ್ಲಿ ಹೊಳೆಯೊಂದು ಅಲ್ಲೇ ಹರಿದಿತ್ತೆಂದು ಅವರು ಆ ಲೇಖನದಲ್ಲಿ ಬರೆದಿದ್ದರು. ಪ್ರತಿ ವರ್ಷ ತರಗತಿಯಲ್ಲಿ ಎದೆಯುಬ್ಬಿಸಿ ಅದನ್ನೇ ಹೇಳಿದ್ದರು.

“ನಮ್ಮೋರು ಬ್ಯಾಸಿಗೇಲಿ ಕುರಿ ಹೊಡ್ಕಂಡು ವೇದಾವತಿ ಹೊಳೆ ದಂಡೀಗೆ ಹೋಗ್ತಾರಲ್ಲ ಸಾರ್. ಮಂದೆ ಸುಖವಾಗಿ ತಿರುಗಿ ಬಂದ್ರೆ ಮನೆಗೊಂದು ಹೊಳೆಕಲ್ಲು ತಂದು ಗುಡ್ಡದ ದೇವ್ರಿಗೆ ಇಡ್ತಾರೆ. ತಾತ ಮುತ್ತಾತನ ಕಾಲದಿಂದ್ಲೂ ಹಂಗೇ. ಅವೇ ಉಳ್ಳಾಡಿ ಹರಡ್ಯಾವೆ. ನಾನೂ ಒಂದು ಹೊತ್ಕಂಡು ಹೋಗಿ ಇಟ್ಟೀನಿ.”

ಬೇರೆ ದೇಶಗಳಲ್ಲೆಲ್ಲ ತಮ್ಮನ್ನು ನೋಡಿ ನಗುತ್ತಿದ್ದಾರೆ, ತಾವಿಲ್ಲಿ ಹಾರಕ್ಕೆ ಕೊರಳು ಸಿದ್ಧಮಾಡಿಕೊಂಡು ಕುಳಿತಿದ್ದಾರೆ! ಮುರುಗೇಶಪ್ಪನವರಿಗೆ ಸಾಯುವಷ್ಟು ನಾಚಿಕೆಯಾಯಿತು.

“ತಪ್ಪು ಅಂತ ಮೊದ್ಲು ಬರೆದೋನು ಯಾವನೋ?”

ಕಾಟಯ್ಯ ಮುಖ ಎತ್ತಲಿಲ್ಲ. “ನಾನೇ ಸಾರ್. ನನ್ನ ಥೀಸಿಸ್ಸಿನಾಗೆ. ಅದನ್ನ ನೋಡಿ ಉಳಿದೋರು ಬರೆದ್ರು. ನಿಮಗೆ ಹೇಳಾಕೆ ಧೈರ್ಯ ಬರ್ಲಿಲ್ಲ.”

ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಜವಾನ ಬಂದು “ಬರ್ರಿ ಸಾರ್, ಎಲ್ರೂ ಕಾಯ್ತಾ ಅವ್ರೆ” ಎಂದು ಕೈಹಿಡಿದೇ ವೇದಿಕೆಗೆ ಕರೆದೊಯ್ದ. ಹಾರ ಬಿತ್ತು, ಶಾಲು ಬಿತ್ತು. ಮೈಕು ಮುಂದಕ್ಕೆ ಬಂತು.

“ನಾನು ಬರೆದದ್ದು ಒಂದೇ ಲೇಖನ” ಎಂದರು. “ಅದೂ ತಪ್ಪು. ಈ ಹಾರಕ್ಕೆ ನಾನು ಯೋಗ್ಯನಲ್ಲ.”

ಸಭೆಯಲ್ಲಿ ಚಾವಣಿ ಹಾರಿಹೋಗುವಂಥ ಚಪ್ಪಾಳೆ. ಪ್ರಿನ್ಸಿಪಾಲರು ಎದ್ದು ಬಂದು ಅಪ್ಪಿಕೊಂಡರು. “ದೇಶಕ್ಕೇ ಏಳನೆಯವರು! ಎಂಥ ವಿನಯ ನೋಡ್ರಿ! ನಾಳೆಯಿಂದ ವಿಭಾಗಕ್ಕೆ ಇವರೇ ಮುಖ್ಯಸ್ಥರು” ಎಂದು ಸಾರಿಯೇಬಿಟ್ಟರು. ಗೋವಿಂದಯ್ಯನವರೂ ಎದ್ದುನಿಂತು ಚಪ್ಪಾಳೆ ಹೊಡೆದರು. ಜಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮುರುಗೇಶಪ್ಪನವರು ಮತ್ತೆ ಮೈಕಿಗೆ ಕೈಹಾಕಿದರು. ಜಯಕ್ಕನ ಮುಖ ಕಂಡು ಕೈ ಹಿಂದೆ ತೆಗೆದರು. ಬಾಗಿಲ ಹತ್ತಿರ ನಿಂತಿದ್ದ ಕಾಟಯ್ಯನ ಕಡೆ ನೋಡಿದರು. ಅವನಾದರೂ ಹೇಳಲಿ, ಕೂಗಿ ಹೇಳಲಿ ಎಂದು ನೋಡಿದರು.

ಕಾಟಯ್ಯ ತಲೆ ತಗ್ಗಿಸಿದ. ಹಾಗೆಯೇ, ಎಲ್ಲರ ಜೊತೆ, ಮೆಲ್ಲಗೆ ಚಪ್ಪಾಳೆ ತಟ್ಟತೊಡಗಿದ.